ಆರು ತಿಂಗಳಿಗೊಂದು ಸಹಿ

ಮೂವತ್ತೆರಡು ಜನ ಹೆಂಗಸರಲ್ಲಿ ಇವತ್ತು ಯಾರು ಬಂದಿಲ್ಲ ಎಂಬುದನ್ನು ನಾನು ಹಾಜರಿ ಪುಸ್ತಕ ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದವಳು ಅವಳು. ಎಣಿಸುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸುತ್ತಿದ್ದಳು, ಅಷ್ಟೇ. "ಹಿರಿಯೂರಾಕೆ ಇಲ್ಲ. ಆ ಕಿವಿ ಸೋರಾಕೆ ಇನ್ನೂ ಹಾಸಿಗೆ ಬಿಟ್ಟಿಲ್ಲ. ಮಿಕ್ಕೋರು ಅದಾರೆ" ಎನ್ನುವಳು. ನಾನು ಒಬ್ಬೊಬ್ಬರ ಹೆಸರು ಕೂಗಿ ಮುಗಿಸಿದಾಗ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು. ಅದು ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದೆ.

"ಕುರೀನ ಎಣಿಸಬಾರ್ದು ಮೇಡಮ್ಮೋರೆ. ಎಣಿಸಿದ್ರೆ ಎಷ್ಟು ಕಮ್ಮಿ ಅಂತ ಸಿಗ್ತೈತೆ, ಯಾವ್ದು ಇಲ್ಲ ಅಂತ ಸಿಗಲ್ಲ. ಮುಖ ನೋಡ್ಕಂಡಿರ್ಬೇಕು" ಎಂದಳು.

ಅವಳು ಹೋದ ತಿಂಗಳು ತೀರಿಕೊಂಡಳು. ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಲ್ಲ ಕಾರ್ಯ ಮುಗಿದ ಮೇಲೆ ಕಾಗದ ಬರೆದು ತಿಳಿಸಿದಳು. ನನಗೆ ಹೋಗಿ ಮುಖ ನೋಡುವ ಅವಕಾಶವೂ ಇರಲಿಲ್ಲ. ಇದ್ದಿದ್ದರೂ ಈ ಮೊಣಕಾಲು ಇಟ್ಟುಕೊಂಡು ಹೋಗುತ್ತಿದ್ದೆನೋ ಇಲ್ಲವೋ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದರಲ್ಲಿ ಬರುವ ಇನ್ನೊಬ್ಬರಿಗೆ ಮಕ್ಕಳು ಮೊಮ್ಮಕ್ಕಳಿದ್ದಾರೆ, ಅವರಿಗೆ ಇದೆಲ್ಲ ಗೊತ್ತಾಗಬೇಕಾದ ಅಗತ್ಯವಿಲ್ಲ.

ಎಪ್ಪತ್ತರ ದಶಕದ ಮೊದಲ ಭಾಗ. ಚಿತ್ರದುರ್ಗದಲ್ಲಿ, ಕೋಟೆಯ ಬಂಡೆಗಳ ಕಾವು ಗೋಡೆಗೆ ಹೊಡೆಯುವಷ್ಟು ಹತ್ತಿರದ ಒಂದು ಹಳೆಯ ಮನೆಯಲ್ಲಿ, ಅರ್ಧಕ್ಕೆ ಓದು ಬಿಟ್ಟ ಹೆಂಗಸರಿಗಾಗಿ ಎರಡು ವರ್ಷದ ಶಾಲೆಯೊಂದು ನಡೆಯುತ್ತಿತ್ತು. ಮೂರೋ ನಾಲ್ಕೋ ಕ್ಲಾಸು ಓದಿ ಮದುವೆಯಾಗಿ, ಗಂಡ ಬಿಟ್ಟೋ ಸತ್ತೋ ಏನೂ ದಿಕ್ಕಿಲ್ಲದೆ ಬಂದವರನ್ನು ಎರಡೇ ವರ್ಷದಲ್ಲಿ ಎಸ್ಸೆಸ್ಸೆಲ್ಸಿಗೆ ಕೂರಿಸುವ ಶಾಲೆ ಅದು. ನಾನು ಅಲ್ಲಿ ಕನ್ನಡ, ಇಂಗ್ಲಿಷು ಎರಡನ್ನೂ ಕಲಿಸುತ್ತಿದ್ದೆ. ಹಾಸ್ಟೆಲಿನ ಮೇಲ್ವಿಚಾರಣೆಯೂ ನನ್ನದೇ. ವಯಸ್ಸು ಇಪ್ಪತ್ತೊಂಬತ್ತು. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಬೀದಿಯ ಕಡೆಗೆ ಒಂದೇ ಕಿಟಕಿಯಿದ್ದ ಕೋಣೆಯಲ್ಲಿ ವಾಸ. ಭಾನುವಾರ ಬಂತೆಂದರೆ ಎದೆ ಭಾರವಾಗುತ್ತಿತ್ತು, ಯಾಕೆಂದರೆ ಅವತ್ತು ಪಾಠವಿರುತ್ತಿರಲಿಲ್ಲ ಮತ್ತು ನನ್ನನ್ನು ನೋಡಲು ಯಾರೂ ಬರುತ್ತಿರಲಿಲ್ಲ.

ಅವಳು ಬಂದದ್ದು ಮಾವನ ಜೊತೆ. ತಲೆಯ ಮೇಲೆ ಕಪ್ಪು ಬಣ್ಣದ ಮಿಲಿಟರಿ ಟ್ರಂಕು. ಅದರ ಮೇಲೆ ಬಿಳಿ ಬಣ್ಣದಲ್ಲಿ ಗಂಡನ ನಂಬರು, ಹೆಸರು. ಎಪ್ಪತ್ತೊಂದರ ಯುದ್ಧದಲ್ಲಿ ಅವನು ತೀರಿಹೋಗಿದ್ದ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಆಚೆ ಕುರಿ ಸಾಕುವವರ ಒಂದು ಹಟ್ಟಿ ಅವರದು. ಯುದ್ಧದಲ್ಲಿ ಸತ್ತವರ ಹೆಂಡತಿ ಮಕ್ಕಳ ಓದಿಗೆ ಸರ್ಕಾರ ಖರ್ಚು ಕೊಡುತ್ತದೆ ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, ತಾನೇ ದುರ್ಗದ ಸೈನಿಕರ ಕಚೇರಿಗೆ ನಾಲ್ಕು ಸಲ ಅಲೆದು ಅವಳು ಆ ಸವಲತ್ತು ಪಡೆದಿದ್ದಳು. ಪಿಂಚಣಿ ಅತ್ತೆ ಮಾವನಿಗಿರಲಿ ಎಂದು ಬಿಟ್ಟುಕೊಟ್ಟಿದ್ದಳು. ಗಂಡನ ಸಾವಿನಿಂದ ಅವಳು ತನಗಾಗಿ ಕೇಳಿ ತೆಗೆದುಕೊಂಡದ್ದು ಓದು ಒಂದನ್ನೇ.

"ಮಗಾ ಹೋದ, ಸೊಸೆ ಓದ್ತೀನಿ ಅಂತಾಳೆ. ಓದ್ಲಿ ಬಿಡ್ರಿ" ಎಂದು ಮಾವ ಅಂಗಳದಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡು ಹೋದ. ಒಳ್ಳೆಯ ಮನುಷ್ಯ.

ಅವಳು ಲೆಕ್ಕದ ಮೇಷ್ಟ್ರಿಗೆ ಕೊಟ್ಟ ಕಾಟ ಹೇಳಬೇಕು. ನಿವೃತ್ತರಾದ ವೃದ್ಧರು ಅವರು, ಪಾಪ, ಹೆಂಗಸರ ಮುಖ ನೋಡದೆ ಸೂರು ನೋಡಿ ಪಾಠ ಮಾಡುವವರು. ಒಂದು ಕುರಿಗೆ ಇಷ್ಟಾದರೆ ಹನ್ನೆರಡು ಕುರಿಗೆ ಎಷ್ಟು ಎಂದು ಕೇಳಿದರು. ಇವಳು ಎದ್ದು ನಿಂತಳು. "ಸಾ, ಹನ್ನೆರಡಕ್ಕೂ ಒಂದೇ ರೇಟು ಹೆಂಗಾಗ್ತೈತೆ? ಅದ್ರಾಗೆ ಹಲ್ಲು ಬಿದ್ದವೆಷ್ಟು, ಗಬ್ಬದವೆಷ್ಟು, ಟಗರೆಷ್ಟು ಹೇಳ್ರಿ. ಸುಮ್ಕೆ ಹನ್ನೆರಡು ಅಂದ್ರೆ ಮೋಸ ಹೋಗ್ತೀರಿ." ಮೇಷ್ಟ್ರು ಸೂರಿನಿಂದ ಕಣ್ಣು ಕೆಳಗಿಳಿಸಿದ್ದು ಅದೇ ಮೊದಲು. ಮರುದಿನದಿಂದ ಲೆಕ್ಕಗಳೆಲ್ಲ ಪೆನ್ಸಿಲ್ಲಿಗೆ ಬದಲಾದವು. ಪೆನ್ಸಿಲ್ಲಿನ ಬಗ್ಗೆ ಅವಳಿಗೆ ತಕರಾರಿರಲಿಲ್ಲ.

ಅವಳ ಓದುವ ರೀತಿಯೇ ಬೇರೆ. ಕೈಯಲ್ಲಿ ಉಣ್ಣೆ ನೂಲುವ ಕದಿರು ಇರಬೇಕು. ಬಲಗೈ ಹೆಬ್ಬೆರಳು ತೋರುಬೆರಳಲ್ಲಿ ಅದನ್ನು ತಿರುವಿ ಬಿಟ್ಟು, ಎಡಗೈಯಿಂದ ಉಣ್ಣೆಯ ಎಳೆ ಬಿಡುತ್ತಾ, ಎದುರಿಗೆ ಗೋಡೆಗೆ ಒರಗಿಸಿದ ಪುಸ್ತಕ ನೋಡಿಕೊಂಡು ಓದುತ್ತಿದ್ದಳು. ಇಂಗ್ಲಿಷಿನ ಪದಗಳು, ರಾಜರ ಇಸವಿಗಳು, ಪದ್ಯಗಳು ಎಲ್ಲ ಎಳೆಯ ಜೊತೆಗೇ ಒಳಗೆ ಹೋಗುತ್ತಿದ್ದವು. ಹಾಸ್ಟೆಲಿನಲ್ಲಿ ಇದೆಲ್ಲ ಕೂಡದು, ಉಣ್ಣೆಯ ವಾಸನೆ ಎಂದು ಉಳಿದವರು ದೂರು ತಂದರು. ನಾನು ಕದಿರು ಕಿತ್ತಿಟ್ಟೆ. ಆ ತಿಂಗಳ ಪರೀಕ್ಷೆಯಲ್ಲಿ ಅವಳ ಹಾಳೆ ಪೂರ್ತಿ ಖಾಲಿ.

"ಕೈ ಸುಮ್ಕಿದ್ರೆ ತಲೇನೂ ಸುಮ್ಕಿರ್ತೈತೆ, ನಾನೇನು ಮಾಡ್ಲಿ" ಎಂದಳು. ಬೈಯುವುದಕ್ಕೆ ಬಾಯಿ ತೆರೆದವಳು ನಕ್ಕುಬಿಟ್ಟೆ. ಕದಿರು ವಾಪಸ್ಸು ಕೊಟ್ಟೆ, ಹಿತ್ತಲಿನ ಬೇವಿನ ಮರದ ಕೆಳಗೆ ಮಾತ್ರ ಎಂಬ ಕರಾರಿನ ಮೇಲೆ.

ಬೇವಿನ ಕೆಳಗೆ ನಾನೂ ಹೋಗಿ ಕೂರುವುದು ಶುರುವಾಯಿತು. ಮೇಲ್ವಿಚಾರಕಿ ಹಾಗೆ ಕೂರಬಾರದು ಎನ್ನುವುದು ಗೊತ್ತಿತ್ತು, ಆದರೂ ಕೂತೆ. ಅವಳ ಜೊತೆ ಮಾತಾಡಬೇಕೆಂದಿರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಒಬ್ಬರು ಏನೋ ಕೆಲಸ ಮಾಡುತ್ತಾ ಇರುವುದು ನನಗೆ ಬೇಕಾಗಿತ್ತು. ನನ್ನ ಭಾನುವಾರಗಳು ಸ್ವಲ್ಪ ಹಗುರಾದವು.

ಅಲ್ಲೇ ಒಂದು ದಿನ ಕೇಳಿದ್ದು, ಈ ವಯಸ್ಸಿನಲ್ಲಿ ಓದಬೇಕೆಂದು ಯಾಕನ್ನಿಸಿತು ಎಂದು. ಅವಳು ಕದಿರು ನಿಲ್ಲಿಸದೆ ಹೇಳಿದಳು.

"ತಂತಿ ಬಂತು. ಇಂಗ್ಲಿಷಿನಾಗಿತ್ತು. ಅಂಚೆಯಣ್ಣ ಓದಿದ್ನಂತೆ, ಆದ್ರೆ ನಮಗೆ ಹೇಳ್ಲಿಲ್ಲ. 'ಶ್ರೀರಾಂಪುರಕ್ಕೆ ಹೋಗಿ ಓದಿಸ್ಕಳ್ರಿ' ಅಂದ. ನಾನೂ ನಮ್ ಮಾವಾನೂ ನಡಕಂಡು ಹೋದ್ವಿ, ನಾಕು ಮೈಲಿ. ತಂತಿ ನನ್ ಕೈಯಾಗೇ ಇತ್ತು. ರಜಾ ಸಿಕ್ಕೈತೇನೋ, ಚಿಕ್ಕಜಾಜೂರಿಗೆ ರೈಲಿಗೆ ಎದ್ರು ಹೋಗ್ಬೇಕೇನೋ ಅಂತ ದಾರಿ ಉದ್ದಕ್ಕೂ ಮಾತಾಡ್ಕಂಡು ಹೋದ್ವಿ. ನಾನು ನಕ್ಕೂ ನಕ್ಕೆ."

ನೂತ ಎಳೆಯನ್ನು ಕದಿರಿಗೆ ಸುತ್ತಿ, "ಇನ್ನು ಮ್ಯಾಲೆ ಓದ್ದೆ ಇರೋ ಕಾಗದ ನನ್ ಕೈಯಾಗೆ ಇರಬಾರ್ದು. ಅಷ್ಟೇ" ಎಂದಳು.

ಹೀಗೆ ಹೇಳಿದವಳಿಗೆ ನಾನು ಏನು ಮಾಡಿದೆ ಎಂಬುದನ್ನು ಈಗ ಬರೆಯಬೇಕು. ಮೂವತ್ತು ವರ್ಷ ಮುಂದೂಡಿದ್ದಾಯಿತು.

ಅವಳ ಓದಿನ ಖರ್ಚು ಬರಬೇಕಾದರೆ ಆರು ತಿಂಗಳಿಗೊಮ್ಮೆ ಸೈನಿಕರ ಕಚೇರಿಗೆ ಒಂದು ಕಾಗದ ಹೋಗಬೇಕಿತ್ತು. ಟೈಪು ಮಾಡಿದ ಇಂಗ್ಲಿಷ್ ಕಾಗದ. ಮೇಲೆ ಸತ್ತ ಸಿಪಾಯಿಯ ನಂಬರು, ಹೆಸರು. ಕೆಳಗೆ, ಇಂಥವರ ವಿಧವೆಯಾದ ನಾನು ಮರುಮದುವೆಯಾಗಿಲ್ಲ, ಯಾರೊಂದಿಗೂ ಸಂಸಾರ ಮಾಡುತ್ತಿಲ್ಲ ಎಂದು ಅವಳ ಹೇಳಿಕೆ, ಅವಳ ಸಹಿ. ಅದರ ಕೆಳಗೆ, ಇದು ನಿಜವೆಂದು ನನಗೆ ಖುದ್ದಾಗಿ ಗೊತ್ತಿದೆ ಎಂದು ನನ್ನ ಸಹಿ. ಓದಿ ಹೇಳಿ ಸಹಿ ಹಾಕಿಸಬೇಕಾದವಳು ನಾನು. ನನ್ನಿಂದ ಆಗಲಿಲ್ಲ. ನಾನು ಬೆಳೆದ ಮನೆಯಲ್ಲಿ ಗಂಡ ಸತ್ತ ಸೋದರತ್ತೆ ಒಬ್ಬಳಿದ್ದಳು, ಅವಳ ಮುಂದೆ ಮದುವೆ ಎಂಬ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ. ಆ ಸಂಕೋಚ ನನ್ನ ನಾಲಿಗೆಗೆ ಅಂಟಿಕೊಂಡಿತ್ತು. ಇಪ್ಪತ್ಮೂರರ ಹೆಣ್ಣನ್ನು ಎದುರಿಗೆ ನಿಲ್ಲಿಸಿಕೊಂಡು, ನೀನು ಇನ್ನೂ ಒಬ್ಬಳೇ ಇದ್ದೀಯ ತಾನೆ ಎಂದು ಕೇಳುವುದು ಹೇಗೆ? "ಇದು ನೀನು ಇಲ್ಲಿ ಓದುತ್ತಿದ್ದೀಯ ಅನ್ನೋದಕ್ಕೆ ಕಾಗದ, ಇಲ್ಲಿ ಸಹಿ ಹಾಕು" ಎಂದೆ. ಅವಳು ನಾಲಿಗೆ ತುದಿ ಹಲ್ಲಿನಲ್ಲಿ ಹಿಡಿದು, ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ ಸಹಿ ಹಾಕಿದಳು. ಆ ಮೇಲೆ ಎರಡು ಸಲವೂ ಹೀಗೇ ಆಯಿತು.

ಮೊದಲ ವರ್ಷ ಮುಗಿದು ಬೇಸಿಗೆ ರಜೆಗೆ ಊರಿಗೆ ಹೋದವಳು ಜೂನಿನಲ್ಲಿ ಬಂದಾಗ ಕೈತುಂಬ ಹಸಿರು ಗಾಜಿನ ಬಳೆ ಇದ್ದವು. ಹಿಂದಿನ ವರ್ಷ ನಾನು ತರಗತಿಯಲ್ಲಿ, ಗಂಡ ಸತ್ತವರು ಬಳೆ ಯಾಕೆ ತೊಡಬಾರದು ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದ್ದೆ. ನೋಡು, ಒಬ್ಬಳಾದರೂ ನನ್ನ ಮಾತು ಕೇಳಿದಳು ಎಂದು ಬೀಗಿದೆ. ನನ್ನ ಪೆದ್ದುತನಕ್ಕೆ ಮಿತಿಯೇ ಇರಲಿಲ್ಲ.

ಅದೇ ಜೂನಿನಿಂದ ತಿಂಗಳಿಗೊಮ್ಮೆ ಭಾನುವಾರ ಒಬ್ಬ ಗಂಡಸು ಅವಳನ್ನು ನೋಡಲು ಬರತೊಡಗಿದ. ಎತ್ತರದ ಆಳು, ಮೂವತ್ತರ ಆಸುಪಾಸು, ಹೆಗಲ ಮೇಲೆ ಕಂಬಳಿ. ಒಳಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ಗೇಟಿನ ಆಚೆ ಅವನು, ಈಚೆ ಇವಳು. ಅವನು ಒಂದು ಗಂಟು ಉಣ್ಣೆ ಕೊಡುವನು, ಇವಳು ನೂತಿಟ್ಟ ನೂಲಿನ ಉಂಡೆಗಳನ್ನು ಕೊಡುವಳು. ಮಾತು ಬಹಳ ಕಡಿಮೆ. ಒಂದೊಂದು ಸಲ ಅರ್ಧ ಗಂಟೆ ಇಬ್ಬರೂ ಬೀದಿ ನೋಡುತ್ತಾ ನಿಂತಿರುತ್ತಿದ್ದರು. ಬಂದು ಹೋದವರ ಪುಸ್ತಕದಲ್ಲಿ ಬರೆಯಬೇಕಲ್ಲ, ನಾನು ಯಾರನ್ನೂ ಕೇಳದೆ "ಅಣ್ಣ" ಎಂದು ಬರೆದೆ. ಅಣ್ಣ ತಂಗಿಯರು ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದು, ನನ್ನ ಅಣ್ಣಂದಿರನ್ನು ನೆನೆದು, ಹೊಟ್ಟೆಕಿಚ್ಚೂ ಪಟ್ಟೆ.

ಎರಡನೆಯ ವರ್ಷದ ಜನವರಿ. ಪರೀಕ್ಷೆಗೆ ಮೂರು ತಿಂಗಳಿತ್ತು. ಕಾಗದ ಮುಂದಿಟ್ಟು "ಸಹಿ ಹಾಕು" ಎಂದೆ. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಕಾಗದವನ್ನು ಎತ್ತಿ ಹಿಡಿದು ಓದತೊಡಗಿದಳು. ಬೆರಳಿಟ್ಟು, ಒಂದೊಂದೇ ಪದ, ತುಟಿ ಅಲ್ಲಾಡಿಸಿಕೊಂಡು. ನಾನೇ ಕಲಿಸಿದ ಇಂಗ್ಲಿಷು. ಟೀಚರಿಗೆ ಇದಕ್ಕಿಂತ ಸಂತೋಷದ ಗಳಿಗೆ ಇರಬಾರದು, ಆದರೆ ನಾನು ಪೆನ್ನನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದೆ.

"ಮ್ಯಾರೀಡ್ ಅಂದ್ರೆ ಮದುವಿ, ಪಾಠದಾಗೆ ಬಂದಿತ್ತು" ಎಂದಳು. "ಇದೇನು ಇಲ್ಲಿ, ರೀಮ್ಯಾರೀಡ್?"

ಹೇಳಿದೆ. ಪೂರ್ತಿ ಓದಿ, ಒಂದೊಂದು ಸಾಲಿನ ಅರ್ಥವನ್ನೂ ಹೇಳಿದೆ. ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಹೋದ ಸಲ ಮಳೆಗಾಲದಾಗೆ ಹಾಕಿದ್ದೂ ಇದೇ ಕಾಗದಕ್ಕಾ?"

"ಹೌದು."

"ನೀವು ಓದಿನ ಕಾಗದ ಅಂತ ಹೇಳಿದ್ರಿ."

ಅಂಚೆಯವನು ಅವಳಿಗೆ ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವನು ಒಂದು ಸಲ, ನಾನು ಮೂರು ಸಲ.

"ಆ ಗೇಟಿನ ಬುಕ್ಕಿನಾಗೂ ತಪ್ಪು ಬರದೀರಿ" ಎಂದಳು. "ಆತ ನಮ್ಮಣ್ಣ ಅಲ್ಲ. ಹೋದ ಬ್ಯಾಸಿಗೆಯಾಗೆ ನನಗೆ ಸೀರೆ ಉಡಿಸ್ಯಾನೆ. ನಮ್ ಅತ್ತೆ ಮಾವಾನೇ ಮುಂದೆ ನಿಂತು ಮಾಡಿದ್ರು."

ಅವರಲ್ಲಿ ಗಂಡ ಸತ್ತ ಹೆಣ್ಣಿಗೆ, ಅವಳು ಒಪ್ಪಿದರೆ, ಒಬ್ಬ ಗಂಡು ನಾಲ್ಕು ಜನ ಹಿರಿಯರ ಎದುರು ಸೀರೆ ಉಡಿಸಿ ಕರೆದುಕೊಂಡು ಹೋಗುವ ಪದ್ಧತಿ ಇತ್ತು. ಉಡಿಕೆ ಎನ್ನುತ್ತಾರೆ. ವಾಲಗವಿಲ್ಲ, ಚಪ್ಪರವಿಲ್ಲ, ಲಗ್ನಪತ್ರಿಕೆಯಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ, ಎಲ್ಲರೂ ಒಪ್ಪಿದ ಸಂಸಾರ. ಓದು ಮುಗಿಸಿಕೊಂಡು ಬಾ, ಅಲ್ಲಿಯವರೆಗೆ ಕಾಯುತ್ತೇನೆ ಎಂದು ಅವನು ಹೇಳಿದ್ದನಂತೆ. ಓದಿದ ಹೆಂಡತಿ ಬರುತ್ತಾಳೆಂದು ಹಟ್ಟಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದನಂತೆ.

ಆಗ ನನಗೆ ಮೊದಲು ನೆನಪಾದದ್ದು ಅವಳ ಕಷ್ಟವಲ್ಲ, ನನ್ನ ನೌಕರಿ. ಸುಳ್ಳು ಕಾಗದದ ಕೆಳಗೆ ನನ್ನ ಸಹಿಯೂ ಇತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ.

"ಸಹಿ ಹಾಕಿಬಿಡು" ಎಂದೆ. "ಉಡಿಕೆಗೆ ಎಲ್ಲೂ ದಾಖಲೆ ಇರೋದಿಲ್ಲ. ಯಾರಿಗೂ ಗೊತ್ತಾಗೋದಿಲ್ಲ. ಇನ್ನು ಮೂರು ತಿಂಗಳು."

"ಹೋದ ಸಲದ್ದು ಗೊತ್ತಿಲ್ದೆ ಆಗಿದ್ದು. ಈಗ ಓದೀನಿ." ಬೆರಳನ್ನು ಕಾಗದದ ಮೇಲ್ಭಾಗಕ್ಕೆ ತಂದಳು. "ಸರ್ಕಾರದೋರಿಗಾದ್ರೆ ಹೇಳಬೌದಿತ್ತೇನೋ. ಇಲ್ಲಿ ಮ್ಯಾಲೆ ಆತನ ಹೆಸರೈತೆ. ಆತನ ಹೆಸರಿನ ಕೆಳಗೆ ಸುಳ್ಳು ಹೆಂಗೆ ಬರೀಲಿ?"

ಹಾಗಾದರೆ ಓದು ನಿಲ್ಲಬೇಕು. ಹಾಸ್ಟೆಲಿನಲ್ಲಿ ಅವಳನ್ನು ಇಟ್ಟುಕೊಳ್ಳುವಂತಿಲ್ಲ, ಪರೀಕ್ಷೆಗೆ ಕಳಿಸುವಂತಿಲ್ಲ. ಎರಡು ವರ್ಷದ ದುಡಿಮೆ ಬಾಗಿಲ ಹತ್ತಿರ ಬಂದು ಬೀಳುತ್ತದೆ. ಆ ಬ್ಯಾಚಿನಲ್ಲಿ ಪಾಸಾಗುತ್ತಾಳೆಂದು ಕಣ್ಣುಮುಚ್ಚಿ ಹೇಳಬಹುದಾಗಿದ್ದವಳು ಅವಳೊಬ್ಬಳೇ. ನನ್ನ ತಲೆ ಓಡಿತು. ಆಗ ನಾನು ನನ್ನನ್ನು ಬಹಳ ಬುದ್ಧಿವಂತೆ ಎಂದುಕೊಂಡಿದ್ದೆ.

"ಒಂದು ಕೆಲಸ ಮಾಡು" ಎಂದೆ. "ಆ ಸೀರೆ ಅವನಿಗೆ ವಾಪಸ್ ಕೊಟ್ಟುಬಿಡು. ಕೊಟ್ಟರೆ ಉಡಿಕೆ ಮುರಿದ ಹಾಗೆ ತಾನೆ? ಆಗ ಕಾಗದದಲ್ಲಿರೋದು ನಿಜ ಆಗುತ್ತೆ, ಸಹಿ ಹಾಕು. ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಮೇಲೆ ಮತ್ತೆ ಉಡಿಸಿಕೊ."

ಅವಳು ನನ್ನ ಮುಖವನ್ನೇ ನೋಡಿದಳು. "ಸೀರೆ ವಾಪಸ್ ಕೊಡಾದಾ?"

"ಮೂರೇ ತಿಂಗಳು ಕಣೆ."

"ಒಂದು ವಾರ ತಡೀರಿ" ಎಂದು ಹೊರಟುಹೋದಳು.

ಆ ವಾರ ಅವಳು ಕದಿರು ಮುಟ್ಟಲಿಲ್ಲ. ಹಿತ್ತಲು ಗುಡಿಸಿದ್ದನ್ನೇ ಗುಡಿಸಿದಳು. ಮೂವತ್ತೆರಡು ಜನರ ಕೊಡಗಳನ್ನು ಒಬ್ಬಳೇ ತುಂಬಿಸಿದಳು. ನಾನು ಬೇವಿನ ಕೆಳಗೆ ಹೋಗಿ ಕೂತರೆ ಎದ್ದು ಹೋಗುತ್ತಿರಲಿಲ್ಲ, ಆದರೆ ಮಾತೂ ಆಡುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ನನ್ನ ಕೋಣೆಯ ಬಾಗಿಲಿಗೆ ಬಂದು, "ಹಂಗೇ ಮಾಡಾಣ ಬಿಡ್ರಿ" ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಂಗಡಿಯಿಂದ ಬಾಳೆಹಣ್ಣು ತರಿಸಿ ಎಲ್ಲರಿಗೂ ಹಂಚಿದೆ.

ಮರುದಿನ ಅವನು ಬರುವ ಭಾನುವಾರ. ಅವಳು ಸೀರೆಯನ್ನು ಒಗೆದು ಒಣಗಿಸಿ ಮಡಿಕೆ ಕೂಡಿಸಿಟ್ಟಿದ್ದಳು. ಕೆಂಪು ಅಂಚಿನ ಹಸಿರು ಸೀರೆ. ನಾನು ಜಗಲಿಯಲ್ಲಿ ನಿಂತು ನೋಡಿದೆ. ಅವಳು ಗೇಟಿನ ಸಲಾಕೆಯ ನಡುವಿನಿಂದ ಸೀರೆ ಕೊಟ್ಟಳು. ಅವನು ತೆಗೆದುಕೊಳ್ಳಲಿಲ್ಲ. ಇವಳು ಏನೋ ಹೇಳಿದಳು. ಬಹಳ ಹೊತ್ತಾದ ಮೇಲೆ ಅವನು ಒಂದು ಮಾತು ಆಡಿ, ಸೀರೆ ತೆಗೆದುಕೊಂಡು ಕಂಬಳಿಯೊಳಗೆ ಇಟ್ಟುಕೊಂಡ. ಅವಳು ಬಳೆಗಳನ್ನು ಒಡೆಯಲಿಲ್ಲ, ಒಂದೊಂದಾಗಿ ಕೈಯಿಂದ ಜಾರಿಸಿ ಅವನ್ನೂ ಕೊಟ್ಟಳು. ಅವನು ತಂದಿದ್ದ ಉಣ್ಣೆಯ ಗಂಟನ್ನು ತಿರುಗಿ ಹೆಗಲಿಗೇರಿಸಿಕೊಂಡು ಹೊಸದುರ್ಗದ ಬಸ್ಸಿನ ಕಡೆಗೆ ಹೋದ. ಎಷ್ಟು ಚಿಕ್ಕ ವಿಷಯಕ್ಕೆ ಎಷ್ಟು ದೊಡ್ಡ ಮುಖ ಮಾಡುತ್ತಾನಪ್ಪ ಈ ಮನುಷ್ಯ ಎಂದುಕೊಂಡೆ.

ಅವಳು ನೆಟ್ಟಗೆ ನನ್ನ ಕೋಣೆಗೆ ಬಂದು, ನಿಂತುಕೊಂಡೇ, ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದಳು. ಈ ಸಲ ಅಕ್ಷರಗಳು ಚಿಕ್ಕದಾಗಿದ್ದವು, ಒಂದೇ ಗೆರೆಯಲ್ಲಿದ್ದವು. ಕೆಳಗೆ ನಾನೂ ಸಹಿ ಹಾಕಿದೆ.

ಆಮೇಲೆ ಅವನು ಬರಲಿಲ್ಲ, ಉಣ್ಣೆಯೂ ಬರಲಿಲ್ಲ. ಅವಳು ಬರಿಗೈಯಲ್ಲೇ ಓದಿದಳು. ಬಲಗೈಯ ಹೆಬ್ಬೆರಳು ತೋರುಬೆರಳು ಗಾಳಿಯಲ್ಲಿ ಏನೋ ತಿರುವುತ್ತಿದ್ದವು, ಎಡಗೈ ಇಲ್ಲದ ಎಳೆಯನ್ನು ಮೇಲೆತ್ತುತ್ತಿತ್ತು. ಪರೀಕ್ಷೆಯ ಕೋಣೆಯಲ್ಲೂ ಹಾಗೇ ಮಾಡುತ್ತಿದ್ದಳಂತೆ. ಇದೇನು ಸನ್ನೆ ಎಂದು ಕಾವಲಿದ್ದವರು ಅವಳನ್ನು ಎಬ್ಬಿಸಿ, ಬೇರೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದರು. ಗೋಡೆಗೆ ಮುಖ ಮಾಡಿಯೇ ಬರೆದು ಪಾಸಾದಳು. ಲೆಕ್ಕದ ಮೇಷ್ಟ್ರು ಕರ್ಚೀಫಿನಿಂದ ಮೂಗು ಒರೆಸಿಕೊಂಡರು.

ಪಾಸಾದವಳು ಟೀಚರ್ ತರಬೇತಿಗೆ ಸೇರಿದಳು. ಅದಕ್ಕೂ ಅದೇ ಸವಲತ್ತು, ಅದೇ ಆರು ತಿಂಗಳ ಕಾಗದ. ಆ ಹೊತ್ತಿಗೆ ನನಗೆ ಹಿರಿಯೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ತರಬೇತಿ ಮುಗಿದ ಮೇಲೆ ಮತ್ತೆ ಉಡಿಕೆ ತಾನೆ, ನನ್ನನ್ನು ಕರೆಯಬೇಕು ಎಂದು ಕಾಗದ ಬರೆದೆ. ಅವಳ ಉತ್ತರದಲ್ಲಿ ತರಬೇತಿಯ ವಿಷಯ ಒಂದು ಪುಟ ಇತ್ತು. ಕೊನೆಗೆ, "ಅದು ಆಗಲಿಲ್ಲ. ಅವರು ಬೇರೆ ಕಡೆ ಮಾಡಿಕೊಂಡರು" ಎಂದು ಒಂದು ಸಾಲು. ನಾನು ಉರಿದುಹೋದೆ. ಮೂರು ತಿಂಗಳು ತಾಳಲಾಗದವನು ಗಂಡಸೇ? ಬಬ್ಬೂರಿನ ಫಾರಮ್ಮಿನ ಕಡೆ ಸಂಜೆ ತಿರುಗಾಡಲು ಹೋದಾಗ ಕಂಬಳಿ ಹೊದ್ದ ಯಾರನ್ನು ಕಂಡರೂ ನನಗೆ ಸಿಟ್ಟು ಬರುತ್ತಿತ್ತು. ಶಾಲೆಯ ಸಹೋದ್ಯೋಗಿಗಳಿಗೆ ಗಂಡಸರ ನಂಬಿಕೆಗೇಡಿತನಕ್ಕೆ ಉದಾಹರಣೆಯಾಗಿ ಈ ಕತೆಯನ್ನು ಹೇಳಿದ್ದೇ ಹೇಳಿದ್ದು.

ನಾಲ್ಕು ವರ್ಷವಾದ ಮೇಲೆ, ಎಪ್ಪತ್ತೊಂಬತ್ತರಲ್ಲಿ, ಒಂದು ರಜೆಯ ದಿನ ಅವಳು ಕೆಲಸಕ್ಕಿದ್ದ ಊರಿಗೆ ಹೋದೆ. ಹೊರಕೆರೆದೇವಪುರದಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದಳು. ಅವಳ ಜನರೇ ಆದ ಒಬ್ಬ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಒಂದು ಚಾಪೆ, ಒಂದು ಸ್ಟೌವು, ಗೋಡೆಗೆ ಒರಗಿಸಿದ ಪುಸ್ತಕಗಳು. ಒಂದೇ ತಟ್ಟೆ, ಒಂದೇ ಲೋಟ. ನನಗೆ ಊಟಕ್ಕೆ ಬಡಿಸಲು ಮುದುಕಿಯ ಮನೆಯಿಂದ ತಟ್ಟೆ ತಂದಳು. ಊರಿನವರು ಅವಳಿಗೆ ಬಹಳ ಮರ್ಯಾದೆ ಕೊಡುತ್ತಿದ್ದರು. ಮರ್ಯಾದೆ ಕೊಡುವವರು ಬಾಗಿಲಲ್ಲಿ ನಿಂತು ಮಾತಾಡಿ ಹೋಗುತ್ತಾರೆ, ಒಳಗೆ ಬಂದು ಕೂರುವುದಿಲ್ಲ ಎಂಬುದು ನನಗೂ ಅಷ್ಟರಲ್ಲಿ ಗೊತ್ತಿತ್ತು.

ಊಟವಾದ ಮೇಲೆ ಅವಳು ನೀರಿಗೆ ಹೋದಳು. ಮುದುಕಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಸುಮ್ಮನಿರಬೇಕಾಗಿತ್ತು, ನನ್ನ ಬಾಯಿ ಸುಮ್ಮನಿರಲಿಲ್ಲ. ಆ ಮನುಷ್ಯ ಇವಳಿಗೆ ಎಂಥಾ ಅನ್ಯಾಯ ಮಾಡಿದ, ಮೂರು ತಿಂಗಳು ಕಾಯಲಾರದೆ ಬೇರೆಯವಳಿಗೆ ಸೀರೆ ಉಡಿಸಿದನಲ್ಲ ಎಂದು ಶುರುಮಾಡಿದೆ. ಮುದುಕಿ ಕೈ ನಿಲ್ಲಿಸಿದಳು.

"ಆತಂದೇನು ತಪ್ಪವ್ವ? ಕೊಟ್ಟ ಸೀರೆ ವಾಪಸ್ ಬಂದ್ರೆ ಅದೇ ಹೆಣ್ಣಿಗೆ ಇನ್ನೊಂದು ಸಲ ಉಡಿಸಂಗಿಲ್ಲ. ನಮ್ ಹಟ್ಟಿ ಕಟ್ಟಳೆ ಅದು, ಇವತ್ತಿಂದಲ್ಲ. ಆತ ಆರು ತಿಂಗಳು ಹಟ್ಟಿ ಯಜಮಾನ್ರ ಕಾಲು ಹಿಡಕಂಡ. ಆಗಲ್ಲ ಅಂದ್ರೆ ಆಗಲ್ಲ ಅಂದ್ರು."

"ಇವಳಿಗೆ ಗೊತ್ತಿತ್ತಾ?"

"ನಮ್ಮಾಗೆ ಹುಟ್ಟಿದಾಕೆ, ಗೊತ್ತಿಲ್ದೆ ಏನು?" ಎಂದು ಮುದುಕಿ ಮತ್ತೆ ಅವರೆಕಾಯಿಗೆ ಕೈಹಾಕಿದಳು.

ಅವಳು ಕೊಡ ಇಳಿಸಿ ಒಳಗೆ ಬಂದಾಗ ನನಗೆ ಅವಳ ಮುಖ ನೋಡಲಾಗಲಿಲ್ಲ. ನಾಲ್ಕು ಗಂಟೆಗೆ ಹೊಳಲ್ಕೆರೆಗೆ ಬಸ್ಸಿತ್ತು. ಇಬ್ಬರೂ ರಸ್ತೆಯವರೆಗೆ ನಡೆದೆವು. ಬಿಸಿಲು ಇಳಿದಿರಲಿಲ್ಲ. ಅವಳು ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು ತಾನು ಬಿಸಿಲಲ್ಲಿ ನಡೆಯುತ್ತಿದ್ದಳು.

"ನಿನಗೆ ಗೊತ್ತಿತ್ತಂತೆ" ಎಂದೆ.

ಅವಳು ಏನು ಎಂದು ಕೇಳಲಿಲ್ಲ. "ಗೊತ್ತಿತ್ತು."

"ಅವನಿಗೆ?"

"ಆತಗೂ ಗೊತ್ತಿತ್ತು."

"ಗೇಟಿನ ಹತ್ತಿರ ಏನೋ ಅಂದ ನಿನಗೆ. ಏನಂದ?"

"'ಚಂದಾಗಿ ಓದು' ಅಂದ."

ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ. "ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ ನಾನು ಹಾಗೆ ಮಾಡು ಅಂತಿದ್ದೆನಾ?" ಎಂದೆ. ಅಳು ಬಂತು. ಅವಳೆದುರಿಗೆ ಅತ್ತದ್ದು ಅದೊಂದೇ ಸಲ.

ಅವಳು ಕೊಡೆಯನ್ನು ನನ್ನ ಮೇಲೆಯೇ ಹಿಡಿದುಕೊಂಡು ನಿಂತಿದ್ದಳು. ಸಿಟ್ಟಿರಲಿಲ್ಲ. ಪಾಠ ಅರ್ಥವಾಗದ ಮಗುವಿಗೆ ಹೇಳುವಷ್ಟು ನಿಧಾನವಾಗಿ ಹೇಳಿದಳು.

"ನನಗೆ ಎರಡೂ ಬೇಕಾಗಿತ್ತು ಮೇಡಮ್ಮೋರೆ. ಎರಡೂ ಆಗಲ್ಲ ಅಂತ ಆ ವಾರ ಗೊತ್ತಾತು. ಯಾವ್ದು ಬೇಕು ಅಂತ ನೀವು ಕೇಳಿದ್ರೆ ಹೇಳ್ತಿದ್ನೇನೋ. ನೀವು ದಾರಿ ಹೇಳಿದ್ರಿ. ಕೇಳ್ಲಿಲ್ಲ."

ಬಸ್ಸು ಬಂತು. ಅವಳೇ ಕೈ ಅಡ್ಡ ಹಿಡಿದು ನಿಲ್ಲಿಸಿ, ಕಂಡಕ್ಟರಿಗೆ ಹೇಳಿ ಕಿಟಕಿಯ ಪಕ್ಕದ ಸೀಟು ಕೊಡಿಸಿದಳು. "ಹುಷಾರಾಗಿ ಹೋಗ್ರಿ, ಮುಟ್ಟಿದ ಮ್ಯಾಲೆ ಕಾಗದ ಹಾಕ್ರಿ" ಎಂದಳು. ಹಾಕಿದೆ. ಆಮೇಲೂ ಎಷ್ಟೋ ವರ್ಷ ಒಬ್ಬರಿಗೊಬ್ಬರು ಬರೆದುಕೊಂಡೆವು. ಮಳೆ, ಬೆಳೆ, ಅವಳ ಶಾಲೆಯ ಹೆಂಚು, ನನ್ನ ಮೊಣಕಾಲು, ಎಲ್ಲ ಬರೆದೆವು. ಯಾವುದು ಬೇಕಾಗಿತ್ತು ಎಂದು ಅವಳನ್ನು ಆಮೇಲಾದರೂ ಕೇಳಬಹುದಾಗಿತ್ತು. ಓದು ಎಂದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು, ಇನ್ನೊಂದು ಎಂದುಬಿಟ್ಟರೆ ಎಂಬ ಹೆದರಿಕೆಗೆ ನಾನು ಕೇಳಲಿಲ್ಲ.